ಮುತ್ತಜ್ಜ ನಿಂತಿದ್ದ ಸಾಲು ಎಲ್ಲಿತ್ತು?

ಅಮೆರಿಕದಲ್ಲಿ ವಲಸೆಯ ಮಾತು ಎದ್ದಾಗಲೆಲ್ಲ ಯಾರದಾದರೂ ಐರಿಷ್ ಮುತ್ತಜ್ಜ ಸಾಕ್ಷಿ ಹೇಳಲು ಬರುತ್ತಾನೆ. ಬರಿಗೈಯಲ್ಲಿ ಹಡಗಿನಿಂದ ಇಳಿದ, ಯಾರ ಮುಂದೆಯೂ ಕೈಚಾಚಲಿಲ್ಲ, ಕಾನೂನಿನ ಪ್ರಕಾರ ಸಾಲಿನಲ್ಲಿ ನಿಂತು ಒಳಗೆ ಬಂದ. ಬರಿಗೈ ನಿಜ. ಕೈಚಾಚಲಿಲ್ಲ ಎಂಬುದನ್ನು ಮೊಮ್ಮಕ್ಕಳ ಅಭಿಮಾನಕ್ಕೆ ಬಿಡೋಣ. ಸಾಲಿನ ಬಗ್ಗೆ ಮಾತ್ರ ನನ್ನ ತಕರಾರಿದೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಬಿದ್ದದ್ದು ಅಂಗಮಾರಿ. ನಮ್ಮ ಹಾಸನದ ಬೆಳೆಗಾರರನ್ನು ಇಂದಿಗೂ ಕಾಡುವ ಅದೇ ರೋಗ. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಆ ಹೊತ್ತಿನಲ್ಲೂ ಅಲ್ಲಿನ ಬಂದರುಗಳಿಂದ ದವಸ ಇಂಗ್ಲೆಂಡಿಗೆ ಸಾಗುತ್ತಿತ್ತು. ಹಾಗೆ ಬಂದವರಿಗೆ ಅಮೆರಿಕ ಯಾವ ವೀಸಾ ಕೇಳಿತು? ಕೇಳಲಿಲ್ಲ. ವೀಸಾ ಆಗ ಇರಲೇ ಇಲ್ಲ, ಇಂತಿಷ್ಟೇ ಜನ ಎಂಬ ಮಿತಿಯೂ ಇರಲಿಲ್ಲ. ಅಕ್ರಮ ವಲಸಿಗನಾಗಲು ಮುರಿಯಬೇಕಾದ ಕಾನೂನೇ ಇಲ್ಲದಿದ್ದಾಗ ಸಕ್ರಮವಾಗಿ ಬಂದೆವೆಂದು ಹೆಮ್ಮೆಪಡುವುದು ಹೇಗೆ? ಇದ್ದ ಕಾನೂನು ಬಡವರ ವಿರುದ್ಧದ್ದು. ಮ್ಯಾಸಚೂಸೆಟ್ಸ್ ರಾಜ್ಯವು ನಿರ್ಗತಿಕ ಐರಿಷರನ್ನು ಹಿಡಿದು ಅಟ್ಲಾಂಟಿಕ್ ಆಚೆಗೆ ವಾಪಸು ಸಾಗಹಾಕಿದ್ದುಂಟು. ಆ ಕಥೆ ಯಾವ ಮನೆಯಲ್ಲೂ ಕೇಳಿಬರುವುದಿಲ್ಲ. ಹೇಳಬೇಕಾದವರ ಮೊಮ್ಮಕ್ಕಳು ಅಮೆರಿಕದಲ್ಲಿ ಇಲ್ಲವಲ್ಲ.

ಆನಿ ಮೂರ್ ಕಥೆಯನ್ನೇ ನೋಡಿ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಮೊದಲು ಒಳಗೆ ಬಂದವಳು ಐರ್ಲೆಂಡಿನ ಕಾರ್ಕ್ ಕಡೆಯ ಈ ಹದಿನೇಳರ ಹುಡುಗಿ. ಆಕೆ ಪಶ್ಚಿಮಕ್ಕೆ ಹೋಗಿ ಟೆಕ್ಸಾಸಿನಲ್ಲಿ ನೆಲೆ ನಿಂತಳೆಂದು ದಶಕಗಳ ಕಾಲ ಹೇಳಿಕೊಂಡು ಬಂದರು. 2006ರಲ್ಲಿ ವಂಶಾವಳಿ ಸಂಶೋಧಕರು ದಾಖಲೆ ಕೆದಕಿದರೆ ಟೆಕ್ಸಾಸಿನವಳು ಇಲಿನಾಯ್‌ನಲ್ಲೇ ಹುಟ್ಟಿದ ಬೇರೆ ಆನಿ! ನಿಜವಾದ ಆನಿ ಕೆಳ ಮ್ಯಾನ್‌ಹಟನ್ನಿನ ಬಡ ಕೇರಿಗಳಲ್ಲೇ ಬದುಕಿ, ಹಲವು ಮಕ್ಕಳನ್ನು ಹೆತ್ತು, ಕೆಲವರನ್ನು ಎಳವೆಯಲ್ಲೇ ಕಳೆದುಕೊಂಡು 1924ರಲ್ಲಿ ತೀರಿಕೊಂಡಿದ್ದಳು. ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಇನ್ನೊಂದು ಸಂಗತಿ: ಆಕೆ ಇಬ್ಬರು ತಮ್ಮಂದಿರೊಂದಿಗೆ ಬಂದದ್ದು ಮೊದಲೇ ನ್ಯೂಯಾರ್ಕ್ ಸೇರಿದ್ದ ತಂದೆತಾಯಿಯ ಬಳಿಗೆ. ಇವತ್ತು ರಾಜಕಾರಣಿಗಳು ‘ಸರಪಳಿ ವಲಸೆ’ ಎಂದು ಮೂಗು ಮುರಿಯುವುದು ಇದಕ್ಕೇ.

ಅದೇ ಕಾರ್ಕಿನಿಂದ ಬಂದ ಡೆನಿಸ್ ಕಿಯರ್ನಿ 1870ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಚೀನೀಯರು ತೊಲಗಲಿ’ ಎಂದು ಕೂಗುತ್ತ ಕಾರ್ಮಿಕರನ್ನು ಕೂಡಿಸಿದ. ಪೌರತ್ವ ಪಡೆದು ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ! 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿತು.

ನಮ್ಮವರೇನು ಕಡಿಮೆಯೇ? ಎಪ್ಪತ್ತರ ದಶಕದಲ್ಲಿ ಬಂದ ಕನ್ನಡಿಗ ಹಿರಿಯರು ಕೆಲವರು ಯುಗಾದಿ ಊಟದ ಪಂಕ್ತಿಯಲ್ಲಿ ಈಗಿನ ವಲಸಿಗರನ್ನು ಕಂಡಾಪಟ್ಟೆ ಬೈಯುವುದನ್ನು ಕೇಳಿದ್ದೇನೆ. ‘ನಾವು ಓದಿ, ದುಡಿದು, ನಿಯಮದಂತೆ ಬಂದವರಪ್ಪ.’ ಓದಿದ್ದು, ದುಡಿದದ್ದು ಹೌದು ಸ್ವಾಮಿ. ಆದರೆ 1924ರ ಕಾನೂನು ಐರ್ಲೆಂಡಿಗೆ ವರ್ಷಕ್ಕೆ 28,567 ಜಾಗ ಕೊಟ್ಟಾಗ ಭಾರತೀಯರಿಗೆ ಬಾಗಿಲೇ ಮುಚ್ಚಿತ್ತು. 1946ರಲ್ಲಿ ಸಿಕ್ಕಿದ್ದು ವರ್ಷಕ್ಕೆ 100. ಆ ಲೆಕ್ಕವನ್ನು ಕಿತ್ತುಹಾಕಿದ್ದು 1965ರ ಕಾನೂನು. ಸೆನೆಟ್ಟಿನಲ್ಲಿ ಅದನ್ನು ದಡ ಮುಟ್ಟಿಸಿದವರು ಐರಿಷ್ ವಲಸಿಗರ ವಂಶದ ಎಡ್ವರ್ಡ್ ಕೆನಡಿ. ಕಿಯರ್ನಿಯಂಥವರ ನಡುವೆ ಇಂಥವರೂ ಇದ್ದರು ಎಂಬುದನ್ನೂ ಹೇಳಬೇಕು.

ಯಾವ ದೇಶವಾದರೂ ಎಷ್ಟು ಜನರನ್ನು ಸೇರಿಸಿಕೊಳ್ಳಬೇಕೆಂದು ತಾನೇ ತೀರ್ಮಾನಿಸಲಿ, ಅದಕ್ಕೆ ನನ್ನ ವಿರೋಧವಿಲ್ಲ. ವಾದವನ್ನು ಇವತ್ತಿನ ಕೂಲಿ, ಮನೆ, ಶಾಲೆಗಳ ಲೆಕ್ಕ ಹಿಡಿದು ಮಾಡಿ. ಮುತ್ತಜ್ಜನನ್ನು ಸಾಕ್ಷಿಗೆ ಕರೆಯಬೇಡಿ. ಕರೆದೇ ಕರೆಯುತ್ತೇನೆ ಎನ್ನುವವರಿಗೆ, ಮುತ್ತಜ್ಜ ಬಂದ ವರ್ಷ ಯಾವುದು ಎಂದು ನಾನು ಮೊದಲು ಕೇಳುತ್ತೇನೆ.