ಯಾವ ಬಿಲ್ಲು ಸಾರ್?

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳು ಮೊನ್ನೆ ಫೋನ್ ಮಾಡಿದ್ದಳು. ಅಲ್ಲಿ ಅವಳ ಸಂಸದ ಯಾವ ಮಸೂದೆಗೆ ಹೌದು ಅಂದ, ಯಾವುದಕ್ಕೆ ಬೇಡ ಅಂದ, ತಾನಾಗಿ ಎಷ್ಟು ಮಸೂದೆ ತಂದ ಅನ್ನೋದೆಲ್ಲ ಮೊಬೈಲಿನಲ್ಲೇ ಸಿಗುತ್ತದಂತೆ. ತಾರೀಖು ಸಮೇತ. "ಮಾಮ, ನಿಮ್ಮ ಎಂಎಲ್‌ಎ ರೆಕಾರ್ಡ್ ಹೇಗಿದೆ?" ಅಂದಳು.

ಊರಿನ ಮರ್ಯಾದೆ ಪ್ರಶ್ನೆ. "ಎರಡು ದಿನ ಟೈಮ್ ಕೊಡು" ಅಂದೆ.

ಹುಡುಕಿದಾಗ ಮೊದಲು ಕೈಗೆ ಸಿಕ್ಕಿದ್ದು ಚುನಾವಣೆಗೆ ನಿಂತಾಗ ಕೊಟ್ಟ ಅಫಿಡವಿಟ್. ಪತ್ನಿಯ ಹತ್ತಿರ ಎಷ್ಟು ಗ್ರಾಂ ಚಿನ್ನ, ಟ್ರ್ಯಾಕ್ಟರ್ ಯಾವ ವರ್ಷದ್ದು, ಯಾವ ಠಾಣೆಯಲ್ಲಿ ಎಷ್ಟು ಕೇಸು, ಎಲ್ಲ ಇದೆ. ಸ್ವಂತ ಮಗನಿಗೆ ಕೊಟ್ಟ ಕೈಸಾಲವೂ ಇದೆ. ಅವರ ಮನೆಯ ಬೀರು ನನಗೆ ನನ್ನ ಬೀರುವಿಗಿಂತ ಚೆನ್ನಾಗಿ ಗೊತ್ತಾಯಿತು. ಸದನದಲ್ಲಿ ಅವರು ಯಾವ ಮಸೂದೆಗೆ ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು ಅನ್ನೋದು ಮಾತ್ರ ಎಲ್ಲೂ ಇಲ್ಲ.

ಇರೋದಾದರೂ ಹೇಗೆ? ನಮ್ಮಲ್ಲಿ ನಡೆಯೋದು ಧ್ವನಿಮತ. ಪರವಾಗಿರುವವರು 'ಹೌದು' ಅನ್ನಬೇಕು, ವಿರೋಧ ಇರುವವರು 'ಇಲ್ಲ' ಅನ್ನಬೇಕು. ಸಭಾಧ್ಯಕ್ಷರು ಕಿವಿಗೊಟ್ಟು ಕೇಳಿ, ವಿಧೇಯಕ ಅಂಗೀಕಾರವಾಯಿತು ಅನ್ನುತ್ತಾರೆ. 224 ಗಂಟಲು, ದಾಖಲೆಯಲ್ಲಿ ಒಂದೇ ಸಾಲು. ಹೆಸರು ಹಿಡಿದು ಮತ ಎಣಿಸಿ ಅಂತ ಕೇಳುವುದಕ್ಕೆ ನಿಯಮದಲ್ಲಿ ಅವಕಾಶ ಇದೆ. ಕೇಳುವವರು ಅಪರೂಪ. ನಮ್ಮೂರ ಭಜನಾ ಮಂಡಳಿಯಲ್ಲೂ ಹೀಗೇ, ಹಿಂದಿನ ಸಾಲಿನವರು ಬರೀ ಬಾಯಿ ಆಡಿಸುತ್ತಾರೆ. ಪ್ರಸಾದ ಮಾತ್ರ ಎಲ್ಲರಿಗೂ ಸಮ.

ಪ್ರಸಾದ ಅಂದೆನಲ್ಲ. 2022ರ ಫೆಬ್ರವರಿಯಲ್ಲಿ ಕಾಂಗ್ರೆಸ್‌ನವರು ಸದನದಲ್ಲಿ ಧರಣಿ ಕೂತಿದ್ದರು. ಆ ಗದ್ದಲದ ನಡುವೆಯೇ ಶಾಸಕರ ಸಂಬಳ ಏರಿಸುವ ವಿಧೇಯಕ ಚರ್ಚೆ ಇಲ್ಲದೆ ಪಾಸಾಯಿತು. 2025ರ ಮಾರ್ಚ್ ಹೊತ್ತಿಗೆ ಕುರ್ಚಿಗಳು ಅದಲು ಬದಲಾಗಿದ್ದವು. ಈಗ ಸದನದ ಬಾವಿಗೆ ಇಳಿದವರು ಬಿಜೆಪಿಯವರು. ಹನಿಟ್ರ್ಯಾಪ್ ಗಲಾಟೆ ಒಂದು ಕಡೆ, ಗುತ್ತಿಗೆಯಲ್ಲಿ ಮೀಸಲಾತಿಯ ಗಲಾಟೆ ಇನ್ನೊಂದು ಕಡೆ. ಹರಿದ ಕಾಗದ ಸಭಾಧ್ಯಕ್ಷರ ಪೀಠದ ಕಡೆ ಹಾರುತ್ತಿತ್ತು. ಅದೇ ಗದ್ದಲದಲ್ಲಿ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು, ಮುಖ್ಯಮಂತ್ರಿಯವರದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಆಗಲೂ ಚರ್ಚೆ ಇಲ್ಲ. ಸಂಬಳದ ವಿಧೇಯಕಕ್ಕೆ ಗದ್ದಲದ ಹೊತ್ತೇ ಶುಭ ಮುಹೂರ್ತ ಅಂತ ಯಾವ ಪಂಚಾಂಗದಲ್ಲಿ ಬರೆದಿದೆಯೋ! ಅವತ್ತು 18 ಶಾಸಕರು ಆರು ತಿಂಗಳಿಗೆ ಅಮಾನತಾದರು. ಮಾರ್ಷಲ್‌ಗಳು ಕೈಕಾಲು ಹಿಡಿದು ಎತ್ತಿಕೊಂಡು ಹೊರಗೆ ಬಿಟ್ಟರು. ಎರಡು ತಿಂಗಳಲ್ಲಿ ಅಮಾನತು ವಾಪಸ್ಸಾಯಿತು. ಸಂಬಳ ವಾಪಸ್ಸಾಗಲಿಲ್ಲ. ಅಂದಹಾಗೆ, ಕಾಗದ ಹರಿದವರನ್ನು ಸುಮ್ನೆ ಬೈಯಬೇಡಿ. ವಿಧೇಯಕದ ಪ್ರತಿಯನ್ನು ಕೈಯಲ್ಲಿ ಹಿಡಿದದ್ದಕ್ಕೆ ವಿಡಿಯೊ ಸಾಕ್ಷಿ ಇರುವುದು ಅವರೊಬ್ಬರಿಗೇ.

ಹೆಸರು ಬರೆದಿಟ್ಟರೂ ಓದುವುದಕ್ಕೆ ಏನೂ ಇರುತ್ತಿರಲಿಲ್ಲ ಬಿಡಿ. 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದರೆ ಶಾಸಕ ಸ್ಥಾನಕ್ಕೇ ಕುತ್ತು. ಹಾಗಾಗಿ ಹೌದೋ ಇಲ್ಲವೋ ಅನ್ನೋದು ಪಕ್ಷದ ಕಚೇರಿಯಲ್ಲೇ ತೀರ್ಮಾನವಾಗಿರುತ್ತದೆ. ನಮ್ಮ ಪ್ರತಿನಿಧಿ ಮಾಡಬೇಕಾದದ್ದು ಹಾಜರಾಗುವುದು ಮಾತ್ರ. ಅದನ್ನಾದರೂ ಮಾಡುತ್ತಾರಾ? 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99ಕ್ಕೆ 105 ಅಂತ ಉರುಳಿತಲ್ಲ, ಉರುಳಿಸಿದವರಲ್ಲಿ ಹೆಚ್ಚಿನವರು ಸದನಕ್ಕೆ ಬಂದೇ ಇರಲಿಲ್ಲ. ಮುಂಬೈ ಹೋಟೆಲಿನಲ್ಲಿದ್ದರು. 17 ಜನ ಅನರ್ಹರಾದರು. ಡಿಸೆಂಬರಿನಲ್ಲಿ ಉಪಚುನಾವಣೆ ಬಂತು, ಅವರಲ್ಲಿ ಬಹಳಷ್ಟು ಜನ ಗೆದ್ದು ಮಂತ್ರಿಗಳೂ ಆದರು. ಶಾಲೆಯಲ್ಲಿ ನಮಗೆ ಗೈರುಹಾಜರಿಗೆ ಬೆತ್ತದ ಏಟು ಕೊಡುತ್ತಿದ್ದರು.

ಅಯ್ಯೋ, ಬರೆದಿಟ್ಟ ಮತ ಒಂದಿದೆ, ಮರೆತೆ. ರಾಜ್ಯಸಭೆ ಚುನಾವಣೆಯದ್ದು. 2003ರಿಂದ ಅದರಲ್ಲಿ ಪಕ್ಷದ ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ನನಗಲ್ಲ, ಏಜೆಂಟರಿಗೆ. 2022ರಲ್ಲಿ ಕೋಲಾರದ ಜೆಡಿಎಸ್ ಶಾಸಕ ಶ್ರೀನಿವಾಸ ಗೌಡರು ಮಾತ್ರ ಹೊರಗೆ ಬಂದು, ಕಾಂಗ್ರೆಸ್ಸಿಗೆ ಹಾಕಿದ್ದೇನೆ, ಯಾಕೆಂದರೆ ಅದರ ಮೇಲೆ ಪ್ರೀತಿ ಅಂದುಬಿಟ್ಟರು. ನನ್ನ ಹುಡುಕಾಟದಲ್ಲಿ ಕಾರಣ ಸಮೇತ ಸಿಕ್ಕ ಮತ ಇದೊಂದೇ.

ತಾವೇ ತಂದ ವಿಧೇಯಕ? ದೆಹಲಿಯ ಕಥೆ ಕೇಳಿ. ಸ್ವಾತಂತ್ರ್ಯ ಬಂದ ಮೇಲೆ ಸಂಸತ್ತಿನಲ್ಲಿ ಪಾಸಾದ ಖಾಸಗಿ ಸದಸ್ಯರ, ಅಂದರೆ ಮಂತ್ರಿಯಲ್ಲದವರ, ಮಸೂದೆ ಒಟ್ಟು 14. ಕೊನೆಯದು 1970ರಲ್ಲಿ. ಆಗ ನಾನಿನ್ನೂ ಹುಟ್ಟಿರಲಿಲ್ಲ, ಈಗ ಮೊಣಕಾಲು ನೋವು. ನಮ್ಮ ವಿಧಾನಸಭೆಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು? ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಸುತ್ತೇವೆ ಅಂತ ಇವರೇ 2005ರಲ್ಲಿ ಕಾನೂನು ಮಾಡಿಕೊಂಡರು. ಆ 60 ಮುಟ್ಟುವುದೇ ಅಪರೂಪ. ಊಟಕ್ಕೆ ಹೋದವರು ವಾಪಸ್ ಬರಲಿ ಅಂತ ಸ್ಪೀಕರ್ ಖಾದರ್ ಅವರು 2025ರಲ್ಲಿ ಲಾಬಿಯಲ್ಲಿ ಒರಗುವ ಕುರ್ಚಿ ಹಾಕಿಸಲು ಹೊರಟರು. ನಮ್ಮ ಅಂಗನವಾಡಿಯಲ್ಲೂ ಊಟ ಆದಮೇಲೆ ಚಾಪೆ ಹಾಸುತ್ತಾರೆ.

ಎರಡನೇ ದಿನ ಸಂಜೆ ಕೊನೆಯ ಪ್ರಯತ್ನ ಅಂತ ಶಾಸಕರ ಕಚೇರಿಗೇ ಹೋದೆ. ಬಾಗಿಲಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಮಡಚುತ್ತಿದ್ದ ಹುಡುಗ ಕುರ್ಚಿ ಕೊಟ್ಟು ಟೀ ತರಿಸಿದ.

"ಸಾಹೇಬರ ರೆಕಾರ್ಡ್ ಬೇಕಿತ್ತಪ್ಪ" ಅಂದೆ.

ಅವನ ಮುಖ ಸಣ್ಣದಾಯಿತು. "ಅವೆಲ್ಲ ಸುಳ್ಳು ಕೇಸು ಸಾರ್. ಎರಡು ಆಗ್ಲೇ ಖುಲಾಸೆ ಆಗಿದೆ."

"ಅದಲ್ಲ, ಅಣ್ಣಾವ್ರು ಎಷ್ಟು ಬಿಲ್ ತಂದಿದ್ದಾರೆ, ಎಷ್ಟು ಪಾಸಾಗಿದೆ ಅಂತ..."

ಹುಡುಗ ಆ ಕಡೆ ಈ ಕಡೆ ನೋಡಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ದನಿ ತಗ್ಗಿಸಿದ.

"ಕಂಟ್ರಾಕ್ಟರಾ ಸಾರ್ ನೀವು? ಯಾವ ಬಿಲ್ಲು, ಚರಂಡೀದಾ, ಸಿಸಿ ರೋಡಿಂದಾ?"