ಬೀದರಿನ ಮಗುವಿಗೆ ಕಾಲಯಂತ್ರ ಯಾಕೆ?

ಅಮೆರಿಕದ ಚರ್ಚುಗಳಲ್ಲಿ ಮಕ್ಕಳ ಪುಸ್ತಕದ ಕಪಾಟು ತೆಗೆದರೆ ಒಂದೇ ಬಗೆಯ ಸಾಹಸ ಕಥೆ ಮತ್ತೆ ಮತ್ತೆ ಕೈಗೆ ಸಿಗುತ್ತದೆ. ಅಣ್ಣ ತಂಗಿ ಇಬ್ಬರು, ಜೊತೆಗೊಂದು ನಾಯಿಯೋ ರೋಬೋವೋ. ಅಟ್ಟದ ಮೇಲೋ ಅಜ್ಜನ ಗ್ಯಾರೇಜಿನಲ್ಲೋ ಒಂದು ಯಂತ್ರ. ಗುಂಡಿ ಒತ್ತಿದರೆ ಬೈಬಲಿನ ಕಾಲದ ಕೆಂಪು ಸಮುದ್ರದ ದಂಡೆ, ಇನ್ನೊಮ್ಮೆ ಒತ್ತಿದರೆ ಯೆರಿಕೋ ಪಟ್ಟಣದ ಗೋಡೆ. ಓದಲು ಆಗತಾನೇ ಕಲಿತ ಮಕ್ಕಳಿಗೆಂದು ಬರೆದವು, ನೂರು ಪುಟದ ಆಸುಪಾಸಿನವು. ಪುಸ್ತಕಗಳು ಕೆಟ್ಟವೇನಲ್ಲ. ಆದರೆ ಇವನ್ನೇ ಕನ್ನಡಕ್ಕಿಳಿಸಿ ಬೀದರ, ಕಲಬುರಗಿ, ಯಾದಗಿರಿಯ ಸಂಡೇ ಸ್ಕೂಲಿಗೆ, ಬೇಸಿಗೆ ರಜೆಯ ಬೈಬಲ್ ಶಾಲೆಯಾದ ವಿಬಿಎಸ್‌ಗೆ ಕಳಿಸೋಣ ಎಂಬ ಮಾತು ಡಲ್ಲಾಸಿನಲ್ಲಿರುವ ನಮ್ಮಂಥ ಕನ್ನಡಿಗರ ನಡುವೆ ಆಗಾಗ ಏಳುತ್ತದೆ. ಬೇಡ ಅನ್ನುವವನು ನಾನು. ಅವರು ಕಥೆ ಕಟ್ಟುವಾಗ ಪಾಲಿಸುವ ಒಂದೆರಡು ಕಟ್ಟುಪಾಡು ತಗೊಳ್ಳೋಣ. ಕಥೆ ನಮ್ಮಲ್ಲೇ ಹುಟ್ಟಲಿ.

ಅಲ್ಲಿ ಯಂತ್ರ ಬೇಕಾದದ್ದು ದೂರಕ್ಕೆ. ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ತಗೊಳ್ಳಿ. ಕಪೆರ್ನೌಮಿನ ಒಂದು ಮನೆ ತುಂಬ ಜನ. ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರಿಗೆ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಮಾಳಿಗೆ ಹತ್ತಿ, ಅಗೆದು ತೂತು ಮಾಡಿ, ಹಾಸಿಗೆ ಸಮೇತ ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಇಳಿಜಾರು ಛಾವಣಿಯ ಮನೆಯಲ್ಲಿ ಬೆಳೆದ ಡಲ್ಲಾಸಿನ ಮಗುವಿಗೆ ಇದು ಕಣ್ಣಿಗೆ ಕಟ್ಟುವುದಿಲ್ಲ. ನಾಲ್ಕು ಜನ ಮಂಚ ಹೊತ್ತು ಛಾವಣಿ ಹತ್ತುವುದೆಂದರೇನು, ಅಗೆಯುವುದೆಂದರೇನು? ಹಾಗಾಗಿ ಲೇಖಕರು ಪಾತ್ರಗಳನ್ನು ಅಲ್ಲಿಗೇ ಒಯ್ದು ನಿಲ್ಲಿಸಿ, ಮನೆಯ ಗೋಡೆ, ಮೆಟ್ಟಿಲು, ತೊಲೆ, ಹುಲ್ಲು, ಮಣ್ಣು ಎಲ್ಲ ತೋರಿಸುತ್ತ ಪುಟ ತುಂಬಿಸುತ್ತಾರೆ. ಆಳಂದದ ಕಡೆಯ ಹಳ್ಳಿಯ ಮಗುವಿಗೆ ಈ ಪುಟಗಳು ದಂಡ. ಮಣ್ಣಿನ ಮಾಳಿಗೆ ಅದಕ್ಕೆ ಗೊತ್ತು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸಿಬರು, ಅದರ ಮೇಲೆ ಗೇಣುದ್ದ ಮಣ್ಣು. ಹೊರಗಿನ ಮೆಟ್ಟಿಲು ಹತ್ತಿ ಬೇಸಿಗೆಯಲ್ಲಿ ಮೇಲೆ ಮಲಗುವುದು, ಬೆಳಕಿಂಡಿಯಿಂದ ಬಗ್ಗಿ ಕೆಳಗೆ ಅಡುಗೆಮನೆಯಲ್ಲಿದ್ದ ಅವ್ವನನ್ನು ಕೂಗುವುದು, ಸೋರಿದಾಗ ಅಪ್ಪ ಮಣ್ಣು ಹಾಕಿ ತುಳಿಯುವುದು, ಎಲ್ಲ ನೋಡಿದ್ದೇ. ಈಗ ಆರ್‌ಸಿಸಿ ಮನೆಯೇ ಹೆಚ್ಚು ನಿಜ, ಆದರೂ ಓಣಿಗೊಂದು ಹಳೆ ಮಾಳಿಗೆ ಉಳಿದಿದೆ. ಈ ಮಗು ಕೇಳುವ ಪ್ರಶ್ನೆಯೇ ಬೇರೆ: "ಒಳಗ ಕುಂತವರ ತಲಿ ಮ್ಯಾಲೆ ಮಣ್ಣ ಬಿದ್ದಿಲ್ಲೇನ್ರೀ? ಮನಿಯವ್ರು ಬೈಲಿಲ್ಲೇನು?" ಕಥೆ ಶುರುವಾಗಬೇಕಾದದ್ದು ಅಲ್ಲಿಂದ. ಕಣ್ಣಿಗೆ ಬಿದ್ದ ಮಣ್ಣು ಉಜ್ಜಿಕೊಳ್ಳುತ್ತ ಮೇಲೆ ನೋಡುವ ಹುಡುಗಿಯೊಬ್ಬಳು ಮೊದಲ ಸಾಲಿನಲ್ಲೇ ಬಂದರೆ ಯಂತ್ರ, ಗುಂಡಿ ಯಾವುದೂ ಬೇಕಿಲ್ಲ.

ಯೇಸುವನ್ನು ನೋಡಲು ಗಿಡ್ಡ ಮನುಷ್ಯ ಜಕ್ಕಾಯ ಹತ್ತಿದ ಮರದ್ದೂ ಇದೇ ಕಥೆ. ಅದು ಅತ್ತಿಯ ಜಾತಿಯ ಮರ, ದಪ್ಪ ಕಾಂಡ, ತಗ್ಗಿನಲ್ಲೇ ಚಾಚಿದ ಟೊಂಗೆ, ಗಿಡ್ಡ ಮನುಷ್ಯನೂ ಹತ್ತಬಹುದಾದದ್ದು. ಅಮೆರಿಕದ ಚಿತ್ರಗಳಲ್ಲಿ ಎಷ್ಟೋ ಸಲ ಅಲ್ಲಿಯ ರಸ್ತೆ ಬದಿಯ ಬೇರೇನೋ ಎತ್ತರದ ಮರ ಬಂದು ಕೂತಿರುತ್ತದೆ. ನಮ್ಮ ಕಲಾವಿದರು ಊರ ಹಳ್ಳದ ದಂಡೆಯ ಅತ್ತಿ ಮರವನ್ನು ನೋಡಿ ಬರೆದರೆ ಅವರಿಗಿಂತ ನಿಜಕ್ಕೆ ಹತ್ತಿರ. ರೂತಳು ಬೋವಜನ ಹೊಲದಲ್ಲಿ ಹಕ್ಕಲು ಆಯುವುದು, ಕಣದಲ್ಲಿ ರಾಶಿ ತೂರುವುದು, ರಾತ್ರಿ ರಾಶಿಯ ಹತ್ತಿರವೇ ಮಲಗುವುದು, ಇವಕ್ಕೂ ನಮ್ಮಲ್ಲಿ ಟಿಪ್ಪಣಿ ಬೇಡ. ಜವೆಗೋಧಿಯ ಬದಲು ಜೋಳ ಅಂತ ಮಾತ್ರ ತಿದ್ದಬೇಡಿ. ಜವೆಗೋಧಿ ಜವೆಗೋಧಿಯಾಗೇ ಇರಲಿ, ಮಗು ತಾನೇ ಜೋಳಕ್ಕೆ ಹೋಲಿಸಿಕೊಳ್ಳುತ್ತದೆ.

ವಿವರಣೆ ಬೇಕಾದದ್ದು ಅವರು ಬಿಟ್ಟ ಕಡೆ. ಯೋನನ ಕಥೆಯಲ್ಲಿ ಅಮೆರಿಕದ ಪುಸ್ತಕ ಸಮುದ್ರವನ್ನು ಒಂದು ಸಾಲಿನಲ್ಲಿ ಮುಗಿಸುತ್ತದೆ, ಅವರ ಮಕ್ಕಳು ಬೀಚ್ ನೋಡಿದವರು. ಯಾದಗಿರಿಯ ಮಗು ನೋಡಿದ್ದು ಕೃಷ್ಣೆ, ಭೀಮೆ, ಹೆಚ್ಚೆಂದರೆ ನಾರಾಯಣಪುರದ ಡ್ಯಾಂ, ಹರಿಗೋಲು. ಆಚೆ ದಂಡೆ ಕಾಣದ ನೀರು, ಕುಡಿಯಲಾಗದ ಉಪ್ಪು ನೀರು, ಹಡಗಿನ ಕೆಳಮನೆಯಲ್ಲಿ ಮಲಗಿದರೆ ಬಿರುಗಾಳಿ ಹೇಗೆ ಕೇಳುತ್ತದೆ ಎಂಬುದಕ್ಕೆ ಒಂದಿಡೀ ಪ್ಯಾರಾ ಕೊಡಿ. ಮಗು ಉಪ್ಪು ನೀರು ತಿಳಿಯಲಿ ಅಂತಿದ್ದರೆ ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು, ಅಂದರೆ ಮಟ್ಟವಾಗಿ ತುಂಬಿದ ಎರಡು ದೊಡ್ಡ ಚಮಚ (ಟೇಬಲ್ ಸ್ಪೂನ್) ಕಲಕಿ, ಬೆರಳ ತುದಿಯಲ್ಲಿ ನೆಕ್ಕಿಸಿ. ಸಮುದ್ರದ ಉಪ್ಪು ಅಷ್ಟೇ ಇರುವುದು. ಕುಡಿಸಬೇಡಿ, ವಾಂತಿ ಆಗುತ್ತದೆ. ಇನ್ನು ಯೋನನನ್ನು ನುಂಗಿದ್ದು ಮೂಲದಲ್ಲಿ ದೊಡ್ಡ ಮೀನು, ತಿಮಿಂಗಿಲ ಚಿತ್ರಕಾರರ ಕಾಣಿಕೆ.

ಈಗ ಅವರಿಂದ ತಗೊಳ್ಳಬೇಕಾದದ್ದಕ್ಕೆ ಬರುತ್ತೇನೆ. ಒಳ್ಳೆಯ ಸಂಪಾದಕರು ಅಲ್ಲಿ ಒಂದು ನಿಯಮ ಬಿಡುವುದಿಲ್ಲ: ಕಲ್ಪಿತ ಮಗು ನೋಡಬಹುದು, ಹೆದರಬಹುದು, ಕೇಳಬಹುದು, ಹೊರೆ ಹೊರಬಹುದು, ಸತ್ಯವೇದದಲ್ಲಿ (ಬೈಬಲಿನಲ್ಲಿ) ನಡೆದದ್ದನ್ನು ತಾನು ನಡೆಸಬಾರದು. ನಮ್ಮಲ್ಲಿ ಹುರುಪಿನಿಂದ ಬರೆಯುವವರು ಎಡವುವುದು ಇಲ್ಲೇ. ಹಳ್ಳದಿಂದ ದಾವೀದ ಆರಿಸಿದ ಐದು ಕಲ್ಲುಗಳಲ್ಲಿ ಒಂದನ್ನು ನಮ್ಮ ಕಥೆಯ ಹುಡುಗಿ ಸುನೀತಾಳ ಕೈಯಿಂದ ಕೊಡಿಸುತ್ತಾರೆ, ದೈತ್ಯ ಗೊಲ್ಯಾತ ಬಿದ್ದದ್ದು ಅದೇ ಕಲ್ಲಿನಿಂದ ಅನ್ನುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮುಂದಿನ ಭಾನುವಾರ ಕೇಳಿದರೆ ಕಲ್ಲು ಕೊಟ್ಟವಳು ಸುನೀತಾ ಅನ್ನುವುದೇ ಬಾಯಿಪಾಠ. ಐದಾರು ವರ್ಷದ ಮಗುವಿಗೆ ಯಾವುದು ಕೂಡಿಸಿದ್ದು, ಯಾವುದು ಮೂಲ ಎಂದು ಬೇರ್ಪಡಿಸಲು ಬರುವುದಿಲ್ಲ, ಎರಡೂ ಒಂದೇ ದನಿಯಲ್ಲಿ ಕೇಳಿದ್ದವಲ್ಲ.

ಮೂಲವನ್ನು ಮುಟ್ಟದೆ ಸಾಹಸಕ್ಕೆ ಜಾಗ ಬೇಕಾದಷ್ಟಿದೆ, ನಿಧಾನವಾಗಿ ಓದಬೇಕು ಅಷ್ಟೆ. ಒಂದನೇ ಸಮುವೇಲ 17ರಲ್ಲಿ ದಾವೀದ ಹೋದದ್ದು ಯುದ್ಧಕ್ಕಲ್ಲ, ಬುತ್ತಿ ಕೊಡಲು. ಅಣ್ಣಂದಿರಿಗೆ ಒಂದು ಏಫಾ ಹುರಿದ ಕಾಳು, ಹತ್ತು ರೊಟ್ಟಿ, ಅವರ ದಳಪತಿಗೆ ಹತ್ತು ಗಿಣ್ಣದ ಉಂಡೆ. ಏಫಾ ಅಂದರೆ ಸುಮಾರು 22 ಲೀಟರ್ ಅಳತೆ, ಕಾಳಿನ ಲೆಕ್ಕದಲ್ಲಿ ಹನ್ನೆರಡು ಹದಿನೈದು ಕೆಜಿ. ಬೇತ್ಲೆಹೇಮಿನಿಂದ ಏಲಾ ಕಣಿವೆಗೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಹಾದಿ. ಆ ಚೀಲ ಹೊತ್ತು ಹೋಗುವ ಹಾದಿಯೇ ಎರಡು ಅಧ್ಯಾಯ ಆಯಿತು. ಸುನೀತಾ, ರಾಜು ಚೀಲದ ಹಿಂದೆ ನಡೆಯಲಿ, ಗಿಣ್ಣ ಬಿಸಿಲಿಗೆ ಕೆಡುತ್ತದೇನೋ ಅಂತ ಚಿಂತಿಸಲಿ, ಕಣಿವೆಯ ದಂಡೆಗೆ ಬಂದು "ಅಣ್ಣಾ, ಅವ ಭಾಳ ಎತ್ತರ ಇದ್ದಾನ, ನಡಿ ಹಿಂದ್ ಹೋಗಮ" ಅನ್ನಲಿ. ಕಲ್ಲು ಆರಿಸುವಾಗ ಮಾತ್ರ ಇಬ್ಬರೂ ದಂಡೆಯ ಮೇಲೇ ಇರಲಿ.

ಓದಿ ಹೇಳುವಾಗ ಎರಡನ್ನೂ ಬೇರೆ ಕಾಣಿಸಲು ಸುಲಭ ಉಪಾಯವಿದೆ. ಹೆಗಲ ಮೇಲೆ ಟವೆಲ್ ಇದ್ದಾಗ ಕಥೆ. ಟವೆಲ್ ತೆಗೆದಿಟ್ಟು ಸತ್ಯವೇದ ಕೈಗೆತ್ತಿಕೊಂಡರೆ ವಚನ. ಎರಡೇ ದಿನಕ್ಕೆ ಮಕ್ಕಳು ಟವೆಲ್ ನೋಡಿ ತಾವೇ ಹೇಳುತ್ತಾರೆ. ಅಚ್ಚಿನಲ್ಲಿ ವಚನ ಬಂದ ಕಡೆ ಸುತ್ತ ಗೆರೆ ಹಾಕಿ.

ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು. ನಮ್ಮ ಮಕ್ಕಳಿಗೆ ಮೊಳ, ಗೇಣು ಹೂವಿನ ಅಂಗಡಿಯಿಂದಲೇ ಗೊತ್ತು, ಅಡಿ ಇಂಚಿಗೆ ಹೋಗುವ ಅಗತ್ಯವಿಲ್ಲ. ಆದರೆ ಮಗುವಿನ ಕೈಯಿಂದಲೇ ಅಳೆಸಿದರೆ ಗೊಲ್ಯಾತ ಟೀಚರಷ್ಟೇ ಉದ್ದ ಬಂದು ಕೂರುತ್ತಾನೆ, ಕಥೆ ಕೆಡುತ್ತದೆ. ಆರು ವರ್ಷದ ಮಗುವಿನ ಮೊಳ ಒಂದಡಿ ಇದ್ದರೆ ಹೆಚ್ಚು. ದೊಡ್ಡವರ ಮೊಳ 45 ಸೆಂಟಿಮೀಟರ್, ಆ ಲೆಕ್ಕಕ್ಕೆ ಅವನು 2.9 ಮೀಟರ್. ಚರ್ಚಿನ ಫರಸಿಯ ಮೇಲೆ ಸೀಮೆಸುಣ್ಣದಿಂದ ಅಷ್ಟುದ್ದ ಗೆರೆ ಎಳೆದು ಮಕ್ಕಳನ್ನು ಅದರ ಪಕ್ಕ ಮಲಗಿಸಿ. ಕವಚದ ತೂಕ ಐದು ಸಾವಿರ ಶೆಕೆಲ್, ಹತ್ತಿರ ಹತ್ತಿರ 57 ಕೆಜಿ. ತೊಗರಿಬೇಳೆಯ 50 ಕೆಜಿ ಚೀಲ ತೋರಿಸಿ, ಇದಕ್ಕೂ ಹೆಚ್ಚು ಎಂದರೆ ಕಲಬುರಗಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕವಣೆಯೂ ಹಾಗೇ, ಜೋಳಕ್ಕೆ ಹಕ್ಕಿ ಬಂದಾಗ ಅಜ್ಜಂದಿರು ಬೀಸಿದ್ದೇ. ಮಕ್ಕಳು ಮನೆಗೆ ಹೋಗಿ ಖಂಡಿತ ಕವಣೆ ಮಾಡುತ್ತಾರೆ, ಅದಕ್ಕೆ ನೀವೇ ಮೊದಲು ಮಾಡಿಸಿಬಿಡಿ: ಮೊಳಕ್ಕಿಂತ ತುಸು ಉದ್ದದ ಎರಡು ಹುರಿ, ನಡುವೆ ಅಂಗೈಯಗಲ ಬಟ್ಟೆ, ಕಲ್ಲಿನ ಬದಲು ಹಳೆ ಕಾಲುಚೀಲದ ಉಂಡೆ. ಬೀಸುವವರ ಹಿಂದೆಯೂ ಯಾರೂ ನಿಲ್ಲಬಾರದು. ಕೈಬಿಡುವ ಹೊತ್ತು ತಪ್ಪಿದರೆ ಉಂಡೆ ಹಾರುವುದು ಹಿಂದಕ್ಕೇ.

ಯಂತ್ರ ಬೇಡವಾದರೆ ಆ ಕಾಲಕ್ಕೆ ಹೋಗುವ ಬಾಗಿಲು ಯಾವುದು ಎಂದು ಕೇಳಿದರೆ, ಬೀದರದವರು ಮೊದಲು ಹೇಳುವುದು ನೌಬಾದಿನ ಕರೇಜ್. ಬಹಮನಿಯರ ಕಾಲದ ಸುರಂಗ ಕಾಲುವೆ, ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದದ್ದು, ಮೇಲೆ ಸಾಲಾಗಿ ಬಾವಿಯಂಥ ಕಿಂಡಿಗಳು. ಆಸೆ ಹುಟ್ಟಿಸುವ ಜಾಗ, ಆದರೆ ಸಾಹಸದ ಬಾಗಿಲಾಗಿ ಅದನ್ನು ಬರೆಯಲೇಬೇಡಿ. ಗ್ಯಾರೇಜಿನ ಯಂತ್ರ ಎಲ್ಲೂ ಇಲ್ಲ, ಮಗು ಹುಡುಕಿದರೂ ಸಿಗುವುದಿಲ್ಲ. ಕಿಂಡಿ ಮನೆಯ ಹತ್ತಿರವೇ ಇದೆ, ಇಣುಕಿದರೆ ಬೀಳುತ್ತದೆ. ಹಗೇವು ಇನ್ನೂ ಅಪಾಯ: ಕಾಳು ತುಂಬಿಡುವ ಆ ನೆಲದ ಗುಂಡಿಯೊಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ, ಇಳಿದವರು ಅಲ್ಲೇ ಎಚ್ಚರ ತಪ್ಪುತ್ತಾರೆ. ಬಾವಿ, ಹಗೇವು, ಕೋಟೆಯ ಪಾಳು ಸುರಂಗ, ರೈಲು ಹಳಿ, ಯಾವುದೂ ಬಾಗಿಲಾಗಬಾರದು. ಹಾಸಿದ ಕಂಬಳಿ ಸಾಕು. ಕಂಬಳಿಯ ಮೇಲೆ ಕೂತವರು ಅಲ್ಲಿ, ಎದ್ದವರು ಇಲ್ಲಿ.

ಕರೇಜ್ ಕೆಲಸಕ್ಕೆ ಬರುವುದು ಬೇರೆ ಕಡೆ. ಅರಸ ಹಿಜ್ಕೀಯ ಯೆರೂಸಲೇಮಿಗೆ ಕಾಲುವೆಯಿಂದ ನೀರು ತಂದದ್ದು ಎರಡನೇ ಅರಸುಗಳು 20:20ರಲ್ಲಿ ಬರೀ ಅರ್ಧ ಸಾಲು. ಕ್ರಿ.ಪೂ. 701ರಲ್ಲಿ ಅಶ್ಶೂರದ ಸನ್ಹೇರೀಬ ದಂಡೆತ್ತಿ ಬಂದ, ಊರ ಹೊರಗಿನ ಬುಗ್ಗೆ ಶತ್ರುವಿನ ಪಾಲಾಗಬಾರದಿತ್ತು. ಎರಡು ತಂಡ ಎರಡೂ ತುದಿಯಿಂದ ಬಂಡೆ ಕಡಿಯುತ್ತ ಬಂದು ನೆಲದಡಿ ಸೇರಿದವು, ಸುರಂಗ 533 ಮೀಟರ್ ಉದ್ದ, ತುದಿಯಿಂದ ತುದಿಗೆ ಇಳಿಜಾರು ಬರೀ ಮೊಣಕಾಲು ಮಟ್ಟಕ್ಕಿಂತ ಕಡಿಮೆ. ಕಡಿಯುವವರಿಗೆ ಆಚೆಯವರ ಕೂಗು ಕೇಳಿಸಿದ್ದನ್ನು ಗೋಡೆಯ ಮೇಲೆ ಕೆತ್ತಿಟ್ಟರು. ಆ ಬರಹ 1880ರಲ್ಲಿ ಕಣ್ಣಿಗೆ ಬಿದ್ದದ್ದು ಸುರಂಗದ ನೀರಿಗಿಳಿದ ಶಾಲಾ ಹುಡುಗನಿಗೆ. ಈಗ ಅದು ಇಸ್ತಾಂಬುಲಿನ ಮ್ಯೂಸಿಯಂನಲ್ಲಿದೆ. ಒಂದಕ್ಷರವೂ ಕಲ್ಪಿಸದೆ ಸಿಗುವ ಮಕ್ಕಳ ಸಾಹಸ ಇದು, ಇದನ್ನು ಕೇಳಿದರೆ ಯಾರಿಗಾದರೂ ಅರ್ಥವಾಗುವುದಾದರೆ ಅದು ಬೀದರಿನ ಮಕ್ಕಳಿಗೆ. ಆದರೂ ಅಮೆರಿಕದ ಮಾದರಿ ನೋಡಿ ಬರೆಯುವವರು ನೋಹ, ಯೋನ, ದಾವೀದ ಬಿಟ್ಟು ಆಚೆ ಹೋಗುವುದಿಲ್ಲ.

ಅಲ್ಲಿ ಮಗು ಒಬ್ಬಂಟಿ ಕೂತು ಓದುತ್ತದೆ. ನಮ್ಮಲ್ಲಿ ನಲವತ್ತು ಮಕ್ಕಳಿಗೆ ಒಬ್ಬ ಅಕ್ಕ ಓದಿ ಹೇಳುತ್ತಾಳೆ, ಏಪ್ರಿಲ್ ಮೇ ಬಿಸಿಲು, ಕರೆಂಟ್ ಹೋದರೆ ಫ್ಯಾನೂ ಇಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ಎಳೆದರೆ ಹಿಂದಿನ ಸಾಲು ಎದ್ದುಹೋಯಿತು. ಮಕ್ಕಳಿಗೆ ಬಿಡಿಸಿ ಓದುವಾಗ ಕನ್ನಡ ನಿಮಿಷಕ್ಕೆ ಎಂಬತ್ತು ತೊಂಬತ್ತು ಪದ ಓಡುತ್ತದೆ, ಅಂದರೆ ಅಧ್ಯಾಯಕ್ಕೆ ಎಂಟುನೂರು ಪದ ಮಿತಿ. ಇಂಗ್ಲಿಷಿನ ಅಧ್ಯಾಯವನ್ನು ಹಾಗೇ ಇಳಿಸಿದರೆ ಇದು ದಾಟುತ್ತದೆ. ಮಾತುಕತೆ ಇಲ್ಲಿಯ ಆಡುಮಾತಿನಲ್ಲಿರಲಿ, "ಏನ್ ಮಾಡ್ಲಾಕತ್ತಿ" ಅಂದರೆ ಕಿವಿ ನಿಮಿರುತ್ತದೆ. ನಿರೂಪಣೆ ಮಾತ್ರ ಪುಸ್ತಕದ ಕನ್ನಡವಿರಲಿ. ಬೀದರಿನ ಗಡಿಯಲ್ಲಿ ಮನೆಯಲ್ಲಿ ಮರಾಠಿ, ತೆಲುಗು, ಉರ್ದು ಆಡುವ ಮಕ್ಕಳೂ ಕೂತಿರುತ್ತಾರೆ, ಅವರಿಗೆ ಶಾಲೆಯ ಕನ್ನಡವೇ ಹತ್ತಿರ. ನೆಬೂಕದ್ನೆಚ್ಚರ ಎಂಬ ಹೆಸರು ಕೇಳಿದಾಗ ಎಲ್ಲರೂ ಕೂಡಿ ಕೂಗುವ ಆಟ, ಎರಡನೇ ಇಯತ್ತೆಯವರು ತಾವೇ ಓದುವ ಪುಟದಲ್ಲಿ ಬಂದರೆ ಅಲ್ಲೇ ಗಾಡಿ ನಿಂತಿತು. ಅಂಥ ಪುಟದಲ್ಲಿ "ಅರಸ" ಸಾಕು. ದೇವರ ಹೆಸರಿನಲ್ಲೂ ಎಚ್ಚರ ಬೇಕು. ಈ ಭಾಗದಲ್ಲಿ ಮೆಥೊಡಿಸ್ಟ್ ಚರ್ಚುಗಳು ಹಳೆಯವು, 2005ರಿಂದ ಗುಲ್ಬರ್ಗಾ ಕಥೋಲಿಕ ಧರ್ಮಪ್ರಾಂತ್ಯವೂ ಇದೆ. ಒಬ್ಬರ ಸತ್ಯವೇದದಲ್ಲಿ ಯೆಹೋವ, ಇನ್ನೊಬ್ಬರದರಲ್ಲಿ ಸರ್ವೇಶ್ವರ. ಕಥೆಯಲ್ಲಿ "ದೇವರು" ಎಂದಿಟ್ಟು ವಚನವನ್ನು ಅವರವರ ಸತ್ಯವೇದದಿಂದ ಓದಿಸಿದರೆ ಜಗಳವಿಲ್ಲ.

ಚಿತ್ರಗಳ ವಿಷಯದಲ್ಲಿ ನನಗೆ ಸಿಟ್ಟೇ ಇದೆ. ಕೆಟ್ಟವರಿಗೆಲ್ಲ ಗಡ್ಡ, ರುಮಾಲು, ಕಪ್ಪು ಮೈ. ಒಳ್ಳೆಯವರಿಗೆ ಬೆಳ್ಳನೆ ಮುಖ. ಪಕ್ಕದ ಓಣಿಯಲ್ಲೇ ಮುಸಲ್ಮಾನರ ಮನೆಯಿರುವ ಬೀದರಿಗೆ ಇಂಥ ಗೊಲ್ಯಾತನನ್ನು ಕಳಿಸುವುದು ತಪ್ಪು, ಇತಿಹಾಸಕ್ಕೂ ತಪ್ಪು. ಈಜಿಪ್ಟಿನ ಮೆದಿನೆತ್ ಹಾಬುವಿನಲ್ಲಿ ಮೂರನೇ ರಾಮ್ಸೆಸ್ ಕೆತ್ತಿಸಿದ ಗೋಡೆಯ ಮೇಲೆ ಗೊಲ್ಯಾತನ ಜನರಾದ ಫಿಲಿಷ್ಟಿಯರ ಪೂರ್ವಜರು ಗಡ್ಡ ಬೋಳಿಸಿಕೊಂಡವರು, ತಲೆಯ ಮೇಲೆ ಗರಿ ನಿಂತಂಥ ಶಿರಸ್ತ್ರಾಣ ತೊಟ್ಟವರು. ಅದನ್ನೇ ಬರೆಯಲಿ. ಸಿಂಹದ ಗವಿಗೆ ಬಿದ್ದಾಗ ದಾನಿಯೇಲ ಎಂಬತ್ತರ ಮುದುಕ, ಅವನನ್ನು ಹುಡುಗನಾಗಿ ಬರೆಯುವುದನ್ನೂ ನಿಲ್ಲಿಸಲಿ.

ರಕ್ತದ ಕಡೆ ಏಳರೊಳಗಿನವರಿಗೆ ಗೊಲ್ಯಾತ ಬಿದ್ದ ಎಂಬಲ್ಲಿಗೆ ನಿಲ್ಲಿಸಿ. ನಿದ್ದೆ ಹೋದ ಎಂದು ಸುಳ್ಳು ಹೇಳಬೇಡಿ, ಒಂಬತ್ತಕ್ಕೆ ಬಂದಾಗ ಅದೇ ಮಗು ದಾವೀದ ಅವನ ತಲೆ ಕಡಿಯುವ 51ನೇ ವಚನ ತಾನೇ ಓದುತ್ತದೆ. ಅಮೆರಿಕದ ಪುಸ್ತಕದ ಕೊನೆಗಿರುವ, ಯೇಸುವನ್ನು ಒಪ್ಪಿಕೊಂಡೆ ಎಂಬ ತೀರ್ಮಾನದ ಪ್ರಾರ್ಥನೆ, ಹೆಸರು ಬರೆದು ಸಹಿ ಹಾಕುವ ಪುಟ ತೆಗೆದುಬಿಡಿ. ವಿಬಿಎಸ್‌ಗೆ ಓಣಿಯ ಎಲ್ಲ ಮಕ್ಕಳೂ ಬರುತ್ತಾರೆ, ಪುಸ್ತಕ ಅವರ ಮನೆಗೂ ಹೋಗುತ್ತದೆ. ತಂದೆ ತಾಯಿಯನ್ನು ಮೊದಲೇ ಕೇಳಿರಬೇಕು, ಆರು ವರ್ಷದ ಸಹಿಗೆ ಬೆಲೆಯೂ ಇಲ್ಲ.

ಅಚ್ಚಿಗೆ ಎ4 ಹಾಳೆ ನಾಲ್ಕು, ಎರಡೂ ಬದಿ, ಮಡಿಸಿ ನಡುವೆ ಪಿನ್ ಹೊಡೆದರೆ 16 ಪುಟ; ಒಂದು ಪುಸ್ತಕಕ್ಕೆ ಎರಡು ಅಧ್ಯಾಯ, ಮೂರು ಪುಸ್ತಕಕ್ಕೆ ಒಂದು ವಾರದ ವಿಬಿಎಸ್ ಮುಗಿಯುತ್ತದೆ. ಅಕ್ಷರ 16 ಪಾಯಿಂಟ್, ಸಾಲಿನ ನಡುವೆ ಒತ್ತಕ್ಷರ ಮೇಲಿನ ಕೊಂಬಿಗೆ ತಾಗದಷ್ಟು ಜಾಗ. ಚಿತ್ರ ಬರೀ ಗೆರೆಯಲ್ಲಿ, ಕಪ್ಪು ತುಂಬಿದರೆ ಊರಿನ ಝೆರಾಕ್ಸ್‌ನಲ್ಲಿ ಮಸಿಯ ಮುದ್ದೆಯಾಗುತ್ತದೆ, ಗೆರೆಯಾದರೆ ಮಕ್ಕಳು ಬಣ್ಣ ಹಚ್ಚುತ್ತಾರೆ. ಕಡತವನ್ನು ಯೂನಿಕೋಡಿನಲ್ಲೇ ಬರೆದು ಪಿಡಿಎಫ್ ಮಾಡಿ ಕಳಿಸಿ. ಹಳೆ ನುಡಿ ಫಾಂಟಿನ ಕಡತ ಡಿಟಿಪಿ ಅಂಗಡಿಯಲ್ಲಿ ತೆರೆದರೆ ಒತ್ತುಗಳೆಲ್ಲ ಎತ್ತೆತ್ತಲೋ ಹೋಗುತ್ತವೆ, ಮತ್ತೆ ಮೊದಲಿನಿಂದ ಪ್ರೂಫ್ ನೋಡಬೇಕು.