ನನ್ನ ಪ್ಯಾಂಟನ್ನು ಎಲ್ಲರ ಮುಂದೆ ಎತ್ತಿ ತೋರಿಸೋ ಅಗತ್ಯ ಆ ಬಟ್ಟೆ ಅಂಗಡಿಯವನಿಗೆ ಏನಿತ್ತು?

ಹೊಲಿಗೆ ನೋಡಬೇಕಿದ್ದರೆ ಟೇಬಲ್ ಮೇಲೆ ಹರವಿಕೊಂಡು ನೋಡಬಹುದಿತ್ತು. ಎರಡು ಕೈಯಲ್ಲಿ ಹಿಡಿದು, ತಲೆ ಮೇಲಕ್ಕೆ ಎತ್ತಿ, ಟ್ಯೂಬ್‌ಲೈಟಿಗೆ ಒಡ್ಡಿ, ಕ್ಯೂನಲ್ಲಿ ನಿಂತವರಿಗೆಲ್ಲ ಕಾಣೋ ಹಾಗೆ ಅಗಲಿಸಬೇಕಿತ್ತಾ?

ಈಗಷ್ಟೇ ಪಿಜಿಗೆ ಬಂದೆ. ಊಟಕ್ಕೆ ಕೆಳಗೆ ಇಳಿದಿಲ್ಲ, ಇಳಿಯೋದೂ ಇಲ್ಲ. ಆ ಕವರ್ ಮಂಚದ ಮೇಲೆ ಬಿದ್ದಿದೆ. ಅದನ್ನ ನೋಡಿದಷ್ಟೂ ಮೈ ಉರಿಯುತ್ತೆ.

ಹರಿದಿದ್ದು ಮೀಟಿಂಗ್‌ನಲ್ಲಿ. ಕುರ್ಚಿಯಿಂದ ಎದ್ದೆ ಅಷ್ಟೆ, ಹಿಂದೆ ಪರ್ ಅಂತು. ಟೀಮಿನ ಅಕ್ಕ ಒಬ್ಬರು ಏನೂ ಕೇಳದೆ ತಮ್ಮ ಸ್ಟೋಲ್ ಕೊಟ್ಟು ಸೊಂಟಕ್ಕೆ ಕಟ್ಟಿಸಿದರು. ಅದು ಅಲ್ಲಿಗೆ ಮುಗೀತು. ಮುಗಿಯದೇ ಇರೋದು, ಪ್ಯಾಂಟ್ ವಾಪಸ್ ಕೊಡೋಕೆ ಹೋದಾಗ ಅಂಗಡಿ ಕೌಂಟರಿನಲ್ಲಿ ಆಗಿದ್ದು.

"ಸೀಟಿನ ಹೊಲಿಗೆ ಬಿಟ್ಟಿದೆ, ಒಂದೇ ಸಲ ಹಾಕಿದ್ದು" ಅಂತ ಮೆಲ್ಲಗೆ ಹೇಳಿದೆ. ಹಿಂದೆ ಜನ ಇದ್ದರು, ಅದಕ್ಕೇ ಮೆಲ್ಲಗೆ. ಕೌಂಟರಿನವನು "ಏನು?" ಅಂತ ಜೋರಾಗಿ ಕೇಳಿದ. ಮತ್ತೆ ಹೇಳಿದೆ. ಕವರಿನಿಂದ ತೆಗೆದು ಎತ್ತಿ ಹಿಡಿದ. ಹೊಲಿಗೆ ಬಿಟ್ಟ ಜಾಗದಲ್ಲಿ ಎರಡು ಬೆರಳು ತೂರಿಸಿ ಆಡಿಸಿದ. ನಾನು ಹಾಕಿಕೊಂಡಿದ್ದ ಬಟ್ಟೆ ಅದು! ಒಳಗಿನ ಚೀಟಿ ನೋಡಿ, ಆಚೆ ಲೇಡೀಸ್ ಸೆಕ್ಷನ್‌ನಲ್ಲಿದ್ದ ಹುಡುಗಿಗೆ ಕೂಗಿದ: "ಇಲ್ಲಿ ಎಲ್ ಅಂತಿದೆ, ಈ ಮೇಡಂಗೆ ಯಾವ ಸೈಜ್ ಆಗುತ್ತೆ ನೋಡು." ಅವಳು ಅಲ್ಲಿಂದಲೇ ನನ್ನನ್ನ ಮೇಲಿಂದ ಕೆಳಗೆ ನೋಡಿ, "ಅವರಿಗೆ ಡಬಲ್ ಎಕ್ಸೆಲ್ಲೇ ಬೇಕು" ಅಂದಳು. ಇವನು ನನ್ನ ಕಡೆ ತಿರುಗಿ, "ನೋಡಿ ಮೇಡಂ, ಟೈಟ್ ಹಾಕ್ಕೊಂಡ್ರೆ ಯಾವ ಬಟ್ಟೆ ತಡಿಯುತ್ತೆ?"

ಕ್ಯೂನಲ್ಲಿದ್ದ ಒಬ್ಬ ಹುಡುಗ ಫೋನಿನಿಂದ ತಲೆ ಎತ್ತಿದ. ಮಗು ಎತ್ತಿಕೊಂಡಿದ್ದ ಹೆಂಗಸು ಬೇರೆ ಕಡೆ ಮುಖ ತಿರುಗಿಸಿದರು. ನೋಡಿ ನಕ್ಕಿದ್ದರೆ ಬೈದುಬಿಡ್ತಿದ್ದೆ. ಹಾಗೆ ಪಾಪ ಅಂತ ಮುಖ ತಿರುಗಿಸಿದರೆ ಏನು ಮಾಡೋದು?

ಆ ಎಲ್ ಸೈಜನ್ನ ಟ್ರಯಲ್ ರೂಮಿಗೆ ತಂದುಕೊಟ್ಟವಳು ಇದೇ ಹುಡುಗಿ. ಎಕ್ಸೆಲ್ ಸೊಂಟದಲ್ಲಿ ನಿಲ್ಲದೆ ಜಾರ್ತಿತ್ತು. "ಎಲ್ ಪರ್ಫೆಕ್ಟ್ ಆಗಿದೆ ಮೇಡಂ, ಸ್ಟ್ರೆಚ್ ಇದೆ" ಅಂದಿದ್ದು ಅವಳ ಬಾಯಿ. ಇವತ್ತು ಡಬಲ್ ಎಕ್ಸೆಲ್ ಅಂದಿದ್ದೂ ಅವಳ ಬಾಯಿ. ಸಂಬಳಕ್ಕೆ ದುಡಿಯೋಳು, ಅವಳನ್ನ ಅಂದು ಪ್ರಯೋಜನ ಇಲ್ಲ. ಆದರೆ ಇಷ್ಟು ಜೋರಾಗಿ ಹೇಳಬೇಕಿರಲಿಲ್ಲ.

ಕೊನೆಗೆ ಬಿಲ್ ತಿರುಗಿಸಿ ಸೀಲು ತೋರಿಸಿದ. ನೋ ಎಕ್ಸ್‌ಚೇಂಜ್, ನೋ ರಿಫಂಡ್. 1,799 ರೂಪಾಯಿ ಹೋಯ್ತು.

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ ಇದೆ ರೀ. ದೋಷ ಇರೋ ಮಾಲನ್ನ ವಾಪಸ್ ತಗೊಂಡು, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ ದುಡ್ಡು ಕೊಡಬೇಕು. ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ 30 ದಿನದೊಳಗೆ. ಕೊಡಲ್ಲ ಅನ್ನೋದು ಅನುಚಿತ ವ್ಯಾಪಾರ ಪದ್ಧತಿ. ಒಂದು ರಬ್ಬರ್ ಸೀಲ್ ಕಾಯ್ದೆಗಿಂತ ದೊಡ್ಡದಾ? ಮೊಬೈಲ್ ನಂಬರ್ ಕೊಡದೆ ಬಿಲ್ ಆಗಲ್ಲ ಅಂತಲೂ ಅಂದಿದ್ದರು. ನಂಬರಿಗೆ ಒತ್ತಾಯ ಮಾಡಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಯವರಿಗೆ ಹೇಳಿದೆ. ಕೊಟ್ಟೆ. ಈಗ ದಿನಾ ಆಫರ್ ಮೆಸೇಜು ಬರುತ್ತೆ, ದುಡ್ಡು ಮಾತ್ರ ಬರಲ್ಲ.

ನನ್ನ ಮೈದೇ ತಪ್ಪು ಅನ್ನೋ ಹಾಗೆ ಮಾತಾಡಿದರಲ್ಲ, ಸಂಕಟ ಅದು. ಪಿಜಿಗೆ ಬಂದು ಪ್ಯಾಂಟನ್ನ ಒಳಮೈ ಮಾಡಿ ನೋಡಿದೆ. ಬಟ್ಟೆ ಹರಿದೇ ಇಲ್ಲ, ದಾರ ಕಿತ್ತಿದೆ. ಹೊಲಿಗೆಯಿಂದ ಅಂಚಿಗೆ ಅರ್ಧ ಬೆರಳಿನಷ್ಟೂ ಬಟ್ಟೆ ಬಿಟ್ಟಿಲ್ಲ, ಅದರ ಮೇಲೇ ಒಂದು ಓವರ್‌ಲಾಕ್ (ಅಂಚಿನ ಹೊಲಿಗೆ) ಹೊಡೆದು ಕೈ ತೊಳೆದುಕೊಂಡಿದ್ದಾರೆ. ಜೇಬು ನೋಡಿದರೆ ಬಾಯಿ ಮಾತ್ರ ಇದೆ, ಒಳಗೆ ಚೀಲವೇ ಇಲ್ಲ. ನಾನು ದಾವಣಗೆರೆಯವಳು. ಚೌಕಿಪೇಟೆಯಲ್ಲಿ ಪೀಸ್ ತಗೊಂಡು ಮಾಸ್ಟರ್ ಹತ್ತಿರ ಕೊಟ್ಟರೆ, ಒಳಗೆ ಎರಡು ಹೊಲಿಗೆ ಆಗೋವಷ್ಟು ಮಾರ್ಜಿನ್ ಬಿಟ್ಟು, "ದಪ್ಪ ಆದ್ರೆ ಬಿಚ್ಕೊಡ್ತೀನಿ ಬಾರಮ್ಮ" ಅನ್ನೋರು. ಒಂದು ದಿನವೂ ನನಗೆ ನನ್ನ ಸೈಜು ಯಾವುದು ಅಂತ ತಿಳ್ಕೊಳ್ಳೋ ಪ್ರಮೇಯ ಬಂದಿರಲಿಲ್ಲ.

ಇಲ್ಲಿ ಬೆಂಗಳೂರಲ್ಲಿ ಒಂದು ಅಂಗಡಿಯಲ್ಲಿ ನಾನು ಎಂ, ಇನ್ನೊಂದರಲ್ಲಿ ಎಕ್ಸೆಲ್, ಆನ್‌ಲೈನ್‌ನಲ್ಲಿ ಏನು ಬರುತ್ತೋ ದೇವರಿಗೇ ಗೊತ್ತು. ಅಮೆರಿಕ, ಇಂಗ್ಲೆಂಡಿನ ಸೈಜ್ ಚಾರ್ಟನ್ನ ಅಷ್ಟಿಷ್ಟು ತಿದ್ದಿ ನಮ್ಮ ಮೇಲೆ ಹಾಕ್ತಾರೆ. ಭಾರತದವರದೇ ಅಳತೆ ಬೇಕು ಅಂತ ಫ್ಯಾಷನ್ ಕಲಿಸೋ ಸರ್ಕಾರಿ ಸಂಸ್ಥೆ ನಿಫ್ಟ್‌ನವರು ಇಂಡಿಯಾಸೈಜ್ ಅಂತ ಸಮೀಕ್ಷೆ ಶುರು ಮಾಡಿದರು. ಬೆಂಗಳೂರೂ ಸೇರಿ ಆರು ಊರಲ್ಲಿ, 25,000ಕ್ಕೂ ಹೆಚ್ಚು ಜನರನ್ನ ತ್ರೀಡಿ ಸ್ಕ್ಯಾನರ್‌ನಲ್ಲಿ ಅಳೆಯೋ ಯೋಜನೆ ಅದು. ನಾನು ಹೋದ ಒಂದು ಅಂಗಡಿಯಲ್ಲೂ ಅದರ ಸುಳಿವಿಲ್ಲ. ಸೊಂಟಕ್ಕೆ ಸರಿಯಾದರೆ ತೊಡೆಗೆ ಆಗಲ್ಲ, ತೊಡೆಗೆ ಆದರೆ ಸೊಂಟದಲ್ಲಿ ನಿಲ್ಲಲ್ಲ. ನನ್ನೊಬ್ಬಳದೇ ಕಥೆ ಆಗಿದ್ದರೆ ಸುಮ್ಮನಿರ್ತಿದ್ದೆ. ಪಿಜಿಯಲ್ಲಿ ಯಾರನ್ನ ಕೇಳಿದರೂ ಇದನ್ನೇ ಹೇಳ್ತಾರೆ.

ಅದೂ ಯಾವ ಊರಲ್ಲಿ? ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಅಂತ ಲಕ್ಷಾಂತರ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ನಲ್ಲಿ ಕೂತು ಇಡೀ ಜಗತ್ತಿಗೆ ಬಟ್ಟೆ ಹೊಲಿಯೋ ಊರಲ್ಲಿ. ಎಕ್ಸ್‌ಪೋರ್ಟಿಗೆ ಹೋಗೋ ಪೀಸಿನಲ್ಲಿ ಒಂದು ಹೊಲಿಗೆ ಸೊಟ್ಟ ಇದ್ದರೂ ರಿಜೆಕ್ಟ್ ಮಾಡ್ತಾರೆ. ಹೊಲಿಯೋ ಕೈ ಇಲ್ಲೇ ಇದೆ. ಇಲ್ಲೇ ಇರೋ ನಮಗೆ ಮಾತ್ರ ಎದ್ದರೆ ಬಿಚ್ಚಿಕೊಳ್ಳೋ ಹೊಲಿಗೆ.

ಹೋಗ್ಲಿ ಬಿಡು ಅಂತಾಳೆ ರೂಮ್‌ಮೇಟ್. ಹೌದು, ಬಿಡಬೇಕು. ಎರಡು ಸಾವಿರಕ್ಕೆ ಯಾರು ಅಲೀತಾರೆ, ರಜೆ ಎಲ್ಲಿದೆ, ಪ್ರೊಬೇಷನ್ ಬೇರೆ. ಇಲ್ಲ, ಯಾಕೆ ಬಿಡಬೇಕು? ಹೀಗೆ ನಾವೆಲ್ಲ ಬಿಟ್ಟಿದ್ದಕ್ಕೇ ಅವನು ಅಷ್ಟು ಧೈರ್ಯವಾಗಿ ಎತ್ತಿ ಹಿಡಿದಿದ್ದು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ. ಮಾಡಿದರೆ ದುಡ್ಡು ಬರಬಹುದು, ಅವನ ಆ ಎರಡು ಬೆರಳು ನನ್ನ ಕಣ್ಣಿಂದ ಹೋಗುತ್ತಾ?

ಜೀನ್ಸ್ ಬೇಡ, ಲೆಗಿಂಗ್ಸ್ ಬೇಡ, ಕ್ಲೈಂಟ್ ಬರೋ ದಿನ ಕುರ್ತಾನೂ ಬೇಡ ಅಂತ ಮೇಲ್ ಕಳಿಸ್ತೀರಲ್ಲ ಎಚ್‌ಆರ್‌ನವರೇ, ನಮ್ಮಂಥವರಿಗೆ ಆಗೋ ಫಾರ್ಮಲ್ ಪ್ಯಾಂಟು ಈ ಊರಲ್ಲಿ ಎಲ್ಲಿ ಸಿಗುತ್ತೆ ಅಂತಲೂ ಅದೇ ಮೇಲ್‌ನಲ್ಲಿ ಬರೀರಿ. ಚಿಕ್ಕಪೇಟೆಗೆ ಹೋಗು ಅಂತ ನನಗೆ ಹೇಳಬೇಡಿ. ಪೀಸ್ ಸಿಗುತ್ತೆ, ಗೊತ್ತು. ಹೊಲಿಯೋರು ಯಾರು? ಪಿಜಿ ಹತ್ತಿರದ ಟೈಲರ್‌ಗಳೆಲ್ಲ ಬ್ಲೌಸ್ ಬಿಟ್ಟರೆ ಬೇರೆ ಮುಟ್ಟಲ್ಲ, ಜೆಂಟ್ಸ್ ಟೈಲರ್ ಲೇಡೀಸ್ ಅಳತೆ ತಗೊಳ್ಳಲ್ಲ ಅಂತಾನೆ.

ವಿಜಯನಗರ, ರಾಜಾಜಿನಗರದ ಕಡೆ ಹೆಣ್ಣುಮಕ್ಕಳಿಗೆ ಫಾರ್ಮಲ್ ಪ್ಯಾಂಟು ಹೊಲಿಯೋ ಒಬ್ಬರೇ ಒಬ್ಬರು ಗೊತ್ತಿದ್ದರೆ ದಯವಿಟ್ಟು ಹೇಳಿ. ಒಳಗೆ ಮಾರ್ಜಿನ್ ಬಿಡಬೇಕು, ಜೇಬು ನಿಜವಾದ ಜೇಬಾಗಿರಬೇಕು. ಸೋಮವಾರ ಕ್ಲೈಂಟ್ ಬರ್ತಾರೆ.